ಶೈರ್ ಕುದುರೆ: ಅಳತೆ, ಬಲ ಮತ್ತು ಸ್ವಭಾವ

ಹೊಲದ ಬಾವಿಗೆ ಪಂಪ್‌ಸೆಟ್ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಮೊದಲು ಎದುರಾಗುವ ಪ್ರಶ್ನೆ 'ಎಷ್ಟು ಎಚ್‌ಪಿ ಬೇಕು?' ಎಂಬುದು. ಎಚ್‌ಪಿ ಎಂದರೆ ಹಾರ್ಸ್‌ಪವರ್. ಕನ್ನಡದಲ್ಲಿ 'ಅಶ್ವಶಕ್ತಿ' ಎಂಬ ಮಾತು ರೂಢಿಯಲ್ಲಿದೆ. ಆದರೆ ಭೌತವಿಜ್ಞಾನದ ದೃಷ್ಟಿಯಲ್ಲಿ ಅದು ಶಕ್ತಿಯಲ್ಲ, ಸಾಮರ್ಥ್ಯ. ಅಂದರೆ ಒಂದು ಸೆಕೆಂಡಿನಲ್ಲಿ ನಡೆಯುವ ಕೆಲಸದ ಪ್ರಮಾಣ. ಒಂದು ಅಶ್ವಸಾಮರ್ಥ್ಯ ಸುಮಾರು 746 ವಾಟ್‌ಗೆ ಸಮ ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆದರೆ ಈ ಮಾನದಲ್ಲಿರುವ ಕುದುರೆ ಎಂಥದು ಎಂದು ಕೇಳುವವರು ಕಡಿಮೆ.

ಅದು ಓಟದ ಕುದುರೆಯಲ್ಲ, ಸವಾರಿಯ ಕುದುರೆಯೂ ಅಲ್ಲ. ಗಾಣ ತಿರುಗಿಸುವ, ಬಂಡಿ ಎಳೆಯುವ, ನೇಗಿಲು ಹೂಡುವ ಕುದುರೆ. ಭಾರ ಎಳೆಯುವ ಕೆಲಸಕ್ಕೆಂದೇ ಬೆಳೆಸಿದ ಇಂಥ ಕುದುರೆಗಳಲ್ಲಿ ಅತಿ ದೊಡ್ಡವುಗಳಲ್ಲೊಂದು ಇಂಗ್ಲೆಂಡಿನ ಶೈರ್ ತಳಿ. ಒಂದು ಟನ್ ಆಸುಪಾಸಿನ ತೂಕ, ಗೊರಸನ್ನೇ ಮುಚ್ಚಿಬಿಡುವ ಉದ್ದನೆಯ ಕಾಲ್ಗೂದಲು, ಮಗುವೂ ಹಗ್ಗ ಹಿಡಿದು ನಡೆಸಬಹುದೆಂಬ ಸೌಮ್ಯ ಸ್ವಭಾವ - ಇವು ಅದರ ಗುರುತುಗಳು. ಈ ತಳಿ ಹೇಗಿರಬೇಕು ಎಂಬುದಕ್ಕೆ ಲಿಖಿತ ಮಾನಕವೂ ಇದೆ. ಆ ಮಾನಕದ ಒಂದೊಂದೇ ಅಂಶವನ್ನು ಭೌತವಿಜ್ಞಾನದ ಕಣ್ಣಿನಿಂದ ನೋಡುವುದು ಈ ಲೇಖನದ ಉದ್ದೇಶ. ಹಾಗೆ ನೋಡಿದಾಗ ಕೆಲವು ಅಂಶಗಳಿಗೆ ನ್ಯೂಟನ್ ಮತ್ತು ಗೆಲಿಲಿಯೋ ಸಮರ್ಥನೆ ಕೊಡುತ್ತಾರೆ. ಒಂದು ಅಂಶಕ್ಕೆ ಮಾತ್ರ ಅಂಥ ಸಮರ್ಥನೆ ಸಿಗುವುದಿಲ್ಲ. ಅದರ ಬೆಲೆಯನ್ನು ಕುದುರೆಯೇ ತೆರುತ್ತಿದೆ.

ಹೆಸರು ಮತ್ತು ಹಿನ್ನೆಲೆ

ಇಂಗ್ಲೆಂಡಿನ ಹಲವು ಜಿಲ್ಲೆಗಳ ಹೆಸರು 'ಶೈರ್' ಎಂದು ಕೊನೆಗೊಳ್ಳುತ್ತದೆ: ಲಿಂಕನ್‌ಶೈರ್, ಲೆಸ್ಟರ್‌ಶೈರ್, ಡಾರ್ಬಿಶೈರ್ ಹೀಗೆ. ನಡು ಇಂಗ್ಲೆಂಡಿನ ಈ ಜಿಲ್ಲೆಗಳ ಭಾರಿ ಕುದುರೆಗಳಿಂದಲೇ ತಳಿಗೆ ಶೈರ್ ಎಂಬ ಹೆಸರು ಬಂದಿದೆ.

ಕುದುರೆಯ ಅಳತೆಯನ್ನು ನಿಯಮದಿಂದ ನಿಗದಿಪಡಿಸುವ ಪ್ರಯತ್ನ ಅಲ್ಲಿ ಹಳೆಯದು. ಎಂಟನೆಯ ಹೆನ್ರಿ ದೊರೆಯ ಕಾಲದ 1540ರ ಕಾನೂನು, ಗಿಡ್ಡ ಗಂಡು ಕುದುರೆಗಳನ್ನು ಊರೊಟ್ಟಿನ ಹುಲ್ಲುಗಾವಲಿನಲ್ಲಿ ಮೇಯಲು ಬಿಡಬಾರದೆಂದು ಹಲವು ಜಿಲ್ಲೆಗಳಲ್ಲಿ ಕಟ್ಟು ಮಾಡಿತ್ತು. ಸೈನ್ಯಕ್ಕೆ ದೊಡ್ಡ ಕುದುರೆಗಳು ಬೇಕೆಂಬುದು ಅದರ ಹಿಂದಿನ ಆಲೋಚನೆ. 18ನೆಯ ಶತಮಾನದಲ್ಲಿ ಲೆಸ್ಟರ್‌ಶೈರಿನ ರೈತ ರಾಬರ್ಟ್ ಬೇಕ್‌ವೆಲ್ ಕುರಿ, ದನ, ಕುದುರೆಗಳಲ್ಲಿ ತನಗೆ ಬೇಕಾದ ಲಕ್ಷಣವುಳ್ಳವನ್ನೇ ಆರಿಸಿ ಕೂಡಿಸುವ ಪದ್ಧತಿಯನ್ನು ಕ್ರಮಬದ್ಧವಾಗಿ ನಡೆಸಿದ. ಅನುವಂಶೀಯತೆಯ ನಿಯಮಗಳನ್ನು ಮೆಂಡೆಲ್ ಬರೆಯುವುದಕ್ಕೆ ಸುಮಾರು ನೂರು ವರ್ಷ ಮೊದಲೇ ನಡೆದ ಕೆಲಸ ಇದು.

1878ರಲ್ಲಿ 'ಇಂಗ್ಲಿಷ್ ಬಂಡಿ ಕುದುರೆಗಳ ಸಂಘ' ಸ್ಥಾಪನೆಯಾಯಿತು. 1880ರಲ್ಲಿ ಅದರ ಮೊದಲ ವಂಶಾವಳಿ ಪುಸ್ತಕ ಹೊರಬಂದಿತು. 1884ರಲ್ಲಿ ಸಂಘವು 'ಶೈರ್ ಹಾರ್ಸ್ ಸೊಸೈಟಿ' ಎಂದು ಹೆಸರು ಬದಲಿಸಿಕೊಂಡಿತು. ವಂಶಾವಳಿ ಪುಸ್ತಕ ಬಂದ ಮೇಲೆ ತಳಿ ಎಂದರೆ ಯಾವುದು, ಯಾವುದು ಅಲ್ಲ ಎಂಬ ಗೆರೆ ಸ್ಪಷ್ಟವಾಯಿತು. ಗೆರೆ ಎಳೆಯಬೇಕಾದರೆ ಅಳತೆ ಬೇಕು.

ಮಾನಕ ಏನು ಹೇಳುತ್ತದೆ?

ಬ್ರಿಟನ್ನಿನ ಶೈರ್ ಸಂಘದ ಮಾನಕದ ಮುಖ್ಯ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು.

ಎತ್ತರ: ಪೂರ್ಣ ಬೆಳೆದ ಗಂಡು ಕುದುರೆ 17 ಹ್ಯಾಂಡ್ ಅಥವಾ ಅದಕ್ಕಿಂತ ಹೆಚ್ಚು, ಹೆಣ್ಣು 16 ಹ್ಯಾಂಡ್ ಅಥವಾ ಹೆಚ್ಚು, ಬೀಜ ಒಡೆದ ಗಂಡು 16.2 ಹ್ಯಾಂಡ್ ಅಥವಾ ಹೆಚ್ಚು.

ಬಣ್ಣ: ಗಂಡಿಗೆ ಕಪ್ಪು, ಕಂದು, ಕಪ್ಪು ಜೂಲಿನ ಕೆಂಗಂದು ಅಥವಾ ಬೂದು. ಮೈಮೇಲೆ ದೊಡ್ಡ ಬಿಳಿ ಮಚ್ಚೆಗಳು ಒಪ್ಪಿಗೆಯಲ್ಲ.

ತಲೆ: ಉದ್ದ ಮತ್ತು ತೆಳು, ಮೂಗಿನ ಗೆರೆ ತುಸು ಉಬ್ಬಿರಬೇಕು. ಕಣ್ಣು ದೊಡ್ಡದಾಗಿ, ಸೌಮ್ಯವಾಗಿರಬೇಕು.

ಮೈ: ಭುಜ ಆಳವಾಗಿ, ಓರೆಯಾಗಿ, ಕೊರಳಪಟ್ಟಿ ಕೂರುವಷ್ಟು ಅಗಲವಾಗಿರಬೇಕು. ಎದೆ ವಿಶಾಲ, ಬೆನ್ನು ಗಿಡ್ಡ ಮತ್ತು ಗಟ್ಟಿ, ಹಿಂಭಾಗ ಅಗಲವಾಗಿ ಸ್ನಾಯುಗಳಿಂದ ತುಂಬಿರಬೇಕು. ಎದೆಯ ಸುತ್ತಳತೆ ಗಂಡಿನಲ್ಲಿ 6ರಿಂದ 8 ಅಡಿ.

ಕಾಲು: ಮುಂಗಾಲು ನೇರ. ಮೊಣಕಾಲಿನ ಕೆಳಗಿನ ಎಲುಬಿನ ಸುತ್ತಳತೆ 11ರಿಂದ 12 ಅಂಗುಲ. ಗೊರಸು ಆಳವಾಗಿ, ಅಗಲವಾಗಿ, ಗಟ್ಟಿ ಗೋಡೆಯುಳ್ಳದ್ದಾಗಿರಬೇಕು. ಕಾಲ್ಗೂದಲು ಅತಿಯಾಗಿರಬಾರದು; ನವಿರಾಗಿ, ನೇರವಾಗಿ, ರೇಷ್ಮೆಯಂತಿರಬೇಕು.

ಇಲ್ಲಿ ಬರುವ 'ಹ್ಯಾಂಡ್' ಎಂಬ ಮಾನದ ಬಗ್ಗೆ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. ಒಂದು ಹ್ಯಾಂಡ್ ಎಂದರೆ ಅಂಗೈಯ ಅಗಲ, 4 ಅಂಗುಲ, ಅಂದರೆ 10.16 ಸೆಂಟಿಮೀಟರ್. ಆದರೆ 16.2 ಹ್ಯಾಂಡ್ ಎಂಬುದು ದಶಮಾಂಶವಲ್ಲ! ಅದು 16 ಹ್ಯಾಂಡ್ ಮತ್ತು 2 ಅಂಗುಲ, ಅಂದರೆ 66 ಅಂಗುಲ. 16.3ರ ನಂತರ ಬರುವುದು 17. ಎತ್ತರವನ್ನು ತಲೆಯವರೆಗೆ ಅಳೆಯುವುದಿಲ್ಲ. ಕುತ್ತಿಗೆ ಬೆನ್ನನ್ನು ಸೇರುವಲ್ಲಿರುವ ಹೆಗಲ ದಿಬ್ಬದವರೆಗೆ ಅಳೆಯುತ್ತಾರೆ. ಕುದುರೆ ತಲೆಯನ್ನು ಎತ್ತಿದರೂ ಇಳಿಸಿದರೂ ಹೆಗಲ ದಿಬ್ಬದ ಎತ್ತರ ಹೆಚ್ಚು ಬದಲಾಗದು. ಮಾಪನಕ್ಕೆ ಸ್ಥಿರವಾದ ಬಿಂದು ಬೇಕೆಂಬ ಪಾಠ ಇಲ್ಲಿಯೇ ಇದೆ.

ಎತ್ತರ, ತೂಕ ಮತ್ತು ಎಲುಬು

ಸವಾರಿಗೆ ಬಳಸುವ ಹಗುರ ಕುದುರೆಯೊಂದು 160 ಸೆಂ.ಮೀ. ಎತ್ತರ, 500 ಕಿಲೋಗ್ರಾಂ ಇದೆ ಎಂದಿಟ್ಟುಕೊಳ್ಳಿ. 178 ಸೆಂ.ಮೀ. ಎತ್ತರದ ಶೈರ್‌ನ ತೂಕ ಎಷ್ಟಿರಬಹುದು? ಅದು ಹಗುರ ಕುದುರೆಯ ಹಿಗ್ಗಿಸಿದ ಪ್ರತಿಯಾಗಿದ್ದರೆ ತೂಕ ಎತ್ತರದ ಘನಕ್ಕೆ ಅನುಪಾತವಾಗಿ ಹೆಚ್ಚಬೇಕು. 178ನ್ನು 160ರಿಂದ ಭಾಗಿಸಿ ಘನ ಮಾಡಿದರೆ 1.38 ಬರುತ್ತದೆ. ಅಂದರೆ ತೂಕ ಸುಮಾರು 690 ಕಿಲೋಗ್ರಾಂ ಆಗಬೇಕು. ಆದರೆ ಗಂಡು ಶೈರ್‌ಗಳ ತೂಕ ಸಾಮಾನ್ಯವಾಗಿ 850ರಿಂದ 1100 ಕಿಲೋಗ್ರಾಂ. ಅಂದರೆ ಶೈರ್ ಬರಿಯ ಎತ್ತರದ ಕುದುರೆಯಲ್ಲ. ಅದೇ ಎತ್ತರಕ್ಕೆ ಹೆಚ್ಚು ಅಗಲ, ಹೆಚ್ಚು ಆಳ ತುಂಬಿರುವ ಕುದುರೆ. ಮಾನಕ ಎತ್ತರದ ಜತೆಗೆ ಎದೆಯ ಸುತ್ತಳತೆಯನ್ನೂ ಹೇಳಿರುವುದು ಇದಕ್ಕಾಗಿ.

ತೂಕದ ಯಂತ್ರವಿಲ್ಲದ ಕಡೆ ಕುದುರೆಯ ತೂಕವನ್ನು ಅಂದಾಜು ಮಾಡುವ ಒಂದು ಸೂತ್ರವಿದೆ. ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ವರ್ಗ ಮಾಡಿ, ಮೈಯ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಕಿಲೋಗ್ರಾಂಗಳಲ್ಲಿ ಸಿಗುತ್ತದೆ. ಎದೆಯ ಸುತ್ತಳತೆ 240 ಸೆಂ.ಮೀ., ಉದ್ದ 205 ಸೆಂ.ಮೀ. ಇರುವ ಕುದುರೆಗೆ ಈ ಲೆಕ್ಕ ಹಾಕಿ ನೋಡಿ. 994 ಕಿಲೋಗ್ರಾಂ ಬರುತ್ತದೆ. ಈ 11,880 ಎಲ್ಲಿಂದ ಬಂತು? ಕುದುರೆಯ ಮೈಯನ್ನು ಒಂದು ಸಿಲಿಂಡರ್ ಎಂದು ಭಾವಿಸಿ. ಸುತ್ತಳತೆ ಗೊತ್ತಿರುವ ಸಿಲಿಂಡರಿನ ಘನಗಾತ್ರ ಸುತ್ತಳತೆಯ ವರ್ಗ ಗುಣಿಸು ಉದ್ದ, ಭಾಗಿಸು 4π. ಪ್ರಾಣಿಯ ಸಾಂದ್ರತೆ ನೀರಿನಷ್ಟೇ ಎಂದುಕೊಂಡರೆ ಭಾಜಕ 12,566 ಆಗುತ್ತದೆ. ಕುದುರೆಗಳನ್ನು ತೂಗಿ ಅನುಭವದಿಂದ ಪಡೆದ 11,880 ಇದಕ್ಕೆ ಎಷ್ಟು ಹತ್ತಿರವಿದೆ ನೋಡಿ! ಮೈಯ ಉಬ್ಬುತಗ್ಗು, ತಲೆ, ಕತ್ತು, ಕಾಲುಗಳು ಎಲ್ಲ ಸೇರಿ ಲೆಕ್ಕ ಇಷ್ಟು ಮಾತ್ರ ಸರಿದಿದೆ. ತರಗತಿಯಲ್ಲಿ ಮಾಡಿಸಲು ಇದು ಒಳ್ಳೆಯ ಅಭ್ಯಾಸ.

ಇನ್ನು ಎಲುಬಿನ ವಿಷಯ. ಪ್ರಾಣಿಯ ಗಾತ್ರ ಹೆಚ್ಚಿದಂತೆ ತೂಕ ಘನದ ಲೆಕ್ಕದಲ್ಲಿ ಏರುತ್ತದೆ. ತೂಕ ಹೊರುವ ಎಲುಬಿನ ಅಡ್ಡಕೊಯ್ತದ ವಿಸ್ತೀರ್ಣ ವರ್ಗದ ಲೆಕ್ಕದಲ್ಲಿ ಮಾತ್ರ ಏರುತ್ತದೆ. ಆದ್ದರಿಂದ ದೊಡ್ಡ ಪ್ರಾಣಿಯ ಎಲುಬು ಹೋಲಿಕೆಯಲ್ಲಿ ಹೆಚ್ಚು ದಪ್ಪವಿರಲೇಬೇಕೆಂದು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ 'ಎರಡು ಹೊಸ ವಿಜ್ಞಾನಗಳು' ಗ್ರಂಥದಲ್ಲಿ ವಾದಿಸಿದ್ದ. ಎತ್ತರದಿಂದ ಬಿದ್ದ ಕುದುರೆಯ ಎಲುಬು ಮುರಿಯುತ್ತದೆ, ಅಷ್ಟೇ ಎತ್ತರದಿಂದ ಬಿದ್ದ ನಾಯಿಗೆ ಏನೂ ಆಗುವುದಿಲ್ಲ ಎಂಬ ಉದಾಹರಣೆಯನ್ನೂ ಅಲ್ಲಿ ಕೊಟ್ಟಿದ್ದ.

ಈ ಮಾತನ್ನು ಶೈರ್ ಮಾನಕಕ್ಕೆ ಅನ್ವಯಿಸಿ. ಹಗುರ ಕುದುರೆಯಲ್ಲಿ ಮೊಣಕಾಲಿನ ಕೆಳಗಿನ ಸುತ್ತಳತೆ ಸುಮಾರು 20 ಸೆಂ.ಮೀ. ಶೈರ್‌ನಲ್ಲಿ ಮಾನಕ ಕೇಳುವುದು 11-12 ಅಂಗುಲ, ಅಂದರೆ ಸುಮಾರು 29 ಸೆಂ.ಮೀ. ವಿಸ್ತೀರ್ಣ ಸುತ್ತಳತೆಯ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಎರಡರ ಅನುಪಾತ 841 ಭಾಗಿಸು 400, ಅಂದರೆ 2.1. ತೂಕದ ಅನುಪಾತ 1000 ಭಾಗಿಸು 500, ಅಂದರೆ 2. ಎರಡೂ ಬಹುತೇಕ ಒಂದೇ. ಈ ಸುತ್ತಳತೆಯಲ್ಲಿ ಚರ್ಮ, ಸ್ನಾಯುರಜ್ಜುಗಳೂ ಸೇರಿರುವುದರಿಂದ ಲೆಕ್ಕ ಒರಟು. ಆದರೂ ಹೆಗಲ ಮೇಲೆ ಅಳತೆಪಟ್ಟಿ ಹಾಕಿಕೊಂಡು ಸಂತೆ ಸುತ್ತುತ್ತಿದ್ದ ಹಳ್ಳಿಗರು ಅನುಭವದಿಂದ ಕಂಡುಕೊಂಡ ಅಂಕಿ, ಎಲುಬಿನ ಮೇಲಿನ ಒತ್ತಡ ಎಲ್ಲ ಕುದುರೆಗಳಲ್ಲೂ ಹೆಚ್ಚುಕಡಿಮೆ ಒಂದೇ ಇರಬೇಕೆಂಬ ತತ್ತ್ವಕ್ಕೆ ಹೊಂದುತ್ತದೆ.

ಎಳೆಯುವುದು ಹೇಗೆ?

ಅಧ್ಯಾಪಕರಿಗೆ ಚಿರಪರಿಚಿತವಾದ ಪ್ರಶ್ನೆಯೊಂದಿದೆ. ಕುದುರೆ ಬಂಡಿಯನ್ನು ಎಷ್ಟು ಬಲದಿಂದ ಎಳೆಯುತ್ತದೆಯೋ ಬಂಡಿ ಕುದುರೆಯನ್ನು ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಹಾಗಿದ್ದರೆ ಎರಡೂ ಮುಂದೆ ಹೋಗುವುದು ಹೇಗೆ? ಉತ್ತರ ಗೊರಸಿನ ಕೆಳಗಿದೆ. ಕುದುರೆ ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ನೆಲ ಘರ್ಷಣೆಯ ಮೂಲಕ ಕುದುರೆಯನ್ನು ಮುಂದಕ್ಕೆ ತಳ್ಳುತ್ತದೆ. ಈ ಘರ್ಷಣ ಬಲದ ಮಿತಿ ಕುದುರೆಯ ತೂಕವನ್ನು ಅವಲಂಬಿಸಿದೆ. ಸ್ನಾಯು ಎಷ್ಟೇ ಬಲವಾಗಿದ್ದರೂ ತೂಕ ಕಡಿಮೆಯಿದ್ದರೆ ಗೊರಸು ಜಾರುತ್ತದೆ. ಎಳೆಯುವ ಕುದುರೆಗೆ ತೂಕ ಹೊರೆಯಲ್ಲ, ಉಪಕರಣ. ಅಗಲ ಗೊರಸು ಮೆತ್ತನೆಯ ಉಳುಮೆಯ ನೆಲದಲ್ಲಿ ಹೂತುಹೋಗದಂತೆ ಆ ತೂಕವನ್ನು ಹಂಚುತ್ತದೆ.

ಎರಡನೆಯ ಮಿತಿ ಸಮತೋಲನದ್ದು. ಭಾರಿ ಹೊರೆ ಎಳೆಯುವಾಗ ಹೊರೆ ಕುದುರೆಯನ್ನು ಹಿಂಗಾಲಿನ ಸುತ್ತ ಹಿಂದಕ್ಕೆ ತಿರುಗಿಸಲು ಯತ್ನಿಸುತ್ತದೆ. ಅದನ್ನು ತಡೆಯುವುದು ಕುದುರೆಯ ತೂಕ. 1000 ಕಿಲೋಗ್ರಾಂ ಕುದುರೆಯ ಭಾರ 9800 ನ್ಯೂಟನ್. ಅದರ ಗುರುತ್ವ ಕೇಂದ್ರ ಹಿಂಗೊರಸಿನಿಂದ 0.8 ಮೀಟರ್ ಮುಂದಿದೆ, ಎಳೆಯುವ ಗೆರೆ ಹಿಂಗೊರಸಿನಿಂದ 1 ಮೀಟರ್ ಮೇಲಿದೆ ಎಂದು ಉದಾಹರಣೆಗೆ ಇಟ್ಟುಕೊಂಡರೆ, ಮುಂಗಾಲು ನೆಲ ಬಿಡುವ ಮುನ್ನ ಕುದುರೆ ಎಳೆಯಬಲ್ಲ ಗರಿಷ್ಠ ಬಲ 9800 × 0.8, ಅಂದರೆ 7840 ನ್ಯೂಟನ್. ಇದನ್ನು ಹೆಚ್ಚಿಸುವುದು ಹೇಗೆ? ಗುರುತ್ವ ಕೇಂದ್ರವನ್ನು ಮುಂದಕ್ಕೆ ತರಬೇಕು ಅಥವಾ ಎಳೆಯುವ ಗೆರೆಯನ್ನು ಕೆಳಗಿಳಿಸಬೇಕು. ಕುದುರೆ ಎರಡನ್ನೂ ಮಾಡುತ್ತದೆ. ತಲೆ ತಗ್ಗಿಸಿ ಮುಂದೆ ಚಾಚುತ್ತದೆ, ಮೈ ಕುಗ್ಗಿಸಿ ಹಿಂಗಾಲುಗಳನ್ನು ಹಿಂದಕ್ಕೆ ಒತ್ತುತ್ತದೆ. ವಿಶಾಲ ಎದೆ, ಭಾರವಾದ ಮುಂಭಾಗ, ಉದ್ದನೆಯ ಕತ್ತು ಇವೆಲ್ಲ ಗುರುತ್ವ ಕೇಂದ್ರವನ್ನು ಮುಂದಕ್ಕೆ ತರುತ್ತವೆ. ಬಲ ಹುಟ್ಟುವುದು ಹಿಂಭಾಗದ ಸ್ನಾಯುಗಳಲ್ಲಿ. ಅದು ಬೆನ್ನಿನ ಮೂಲಕ ಭುಜಕ್ಕೆ ಬಂದು ಕೊರಳಪಟ್ಟಿಯನ್ನು ಒತ್ತುತ್ತದೆ. ಬೆನ್ನು ಗಿಡ್ಡವೂ ಗಟ್ಟಿಯೂ ಆಗಿರಬೇಕೆಂಬ ನಿಯಮಕ್ಕೆ ಇದೇ ಕಾರಣ: ಗಿಡ್ಡ ತೊಲೆ ಉದ್ದ ತೊಲೆಗಿಂತ ಕಡಿಮೆ ಬಾಗುತ್ತದೆ.

1924ರಲ್ಲಿ ಲಂಡನ್ನಿನ ವೆಂಬ್ಲಿ ಪ್ರದರ್ಶನದಲ್ಲಿ ಒಂದು ಜೋಡಿ ಶೈರ್ ಕುದುರೆಗಳ ಎಳೆತಕ್ಕೆ ಬಲಮಾಪಕದ ಮುಳ್ಳು ಅಂಕಿಗಳ ಗಡಿ ದಾಟಿತ್ತು, ಅವು ಎಳೆದ ಭಾರ ಸುಮಾರು 50 ಟನ್‌ಗೆ ಸಮ ಎಂದು ಅಂದಾಜಿಸಲಾಗಿತ್ತು ಎಂದು ತಳಿಯ ಚರಿತ್ರೆಯಲ್ಲಿ ಹೇಳುತ್ತಾರೆ. ಕೇಳಿದರೆ ನಂಬಲಾಗದು. ಆದರೆ 50 ಟನ್ ಎಳೆಯುವುದೆಂದರೆ 50 ಟನ್ ಎತ್ತುವುದಲ್ಲ. ಗಟ್ಟಿ ನೆಲದ ಮೇಲೆ ಚಕ್ರದ ಬಂಡಿಗೆ ಬೇಕಾಗುವ ಬಲ ಅದರ ಭಾರದ ಒಂದೆರಡು ಶೇಕಡದಷ್ಟು ಮಾತ್ರ. 50 ಟನ್‌ನ ಭಾರ 4,90,000 ನ್ಯೂಟನ್, ಅದರ ಶೇ. 2 ಎಂದರೆ 9800 ನ್ಯೂಟನ್. ಎರಡು ಕುದುರೆಗೆ ಹಂಚಿದರೆ ತಲಾ 4900. ಈಗಷ್ಟೇ ಲೆಕ್ಕ ಹಾಕಿದ ಮಿತಿಯ ಒಳಗೇ ಇದೆ.

ಒಂದು ಶೈರ್ ಎಷ್ಟು ಅಶ್ವಸಾಮರ್ಥ್ಯ?

ಜೇಮ್ಸ್ ವಾಟ್ ತನ್ನ ಉಗಿಯಂತ್ರವನ್ನು ಮಾರಬೇಕಾಗಿದ್ದುದು ಗಾಣಕ್ಕೆ ಕುದುರೆ ಕಟ್ಟಿದ್ದ ಕಾರ್ಖಾನೆಯವರಿಗೆ. ಯಂತ್ರ ಎಷ್ಟು ಕುದುರೆಗೆ ಸಮ ಎಂದು ಹೇಳಿದರೆ ಮಾತ್ರ ಅವರಿಗೆ ಅರ್ಥವಾಗುತ್ತಿತ್ತು. 12 ಅಡಿ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ 144 ಸುತ್ತು ಹಾಕುವ ಕುದುರೆ 180 ಪೌಂಡ್ ಬಲದಿಂದ ಎಳೆಯುತ್ತದೆ ಎಂದು ಅವನು ಲೆಕ್ಕ ಹಿಡಿದ. ನಮ್ಮ ಮಾನಗಳಲ್ಲಿ ಹೇಳುವುದಾದರೆ ಬಲ ಸುಮಾರು 800 ನ್ಯೂಟನ್, ವೇಗ ಸೆಕೆಂಡಿಗೆ 0.92 ಮೀಟರ್. ಗುಣಿಸಿದರೆ 736 ವಾಟ್. ವಾಟ್ ಅದನ್ನು ನಿಮಿಷಕ್ಕೆ 33,000 ಅಡಿ-ಪೌಂಡ್ ಎಂದು ದುಂಡಾಗಿಸಿದ್ದರಿಂದ 746 ಬಂತು.

ಕುದುರೆ ದಿನವಿಡೀ ದಣಿಯದೆ ದುಡಿಯಬೇಕಾದರೆ ತನ್ನ ಭಾರದ ಹತ್ತನೆಯ ಒಂದು ಭಾಗದಷ್ಟು ಬಲದಿಂದ ಎಳೆಯಬಹುದೆಂಬುದು ಸಾಮಾನ್ಯ ಅಂದಾಜು. 1000 ಕಿಲೋಗ್ರಾಂ ಶೈರ್‌ಗೆ ಅದು 980 ನ್ಯೂಟನ್. ಗಂಟೆಗೆ 4 ಕಿಲೋಮೀಟರ್ ನಡಿಗೆಯಲ್ಲಿ ಸಾಮರ್ಥ್ಯ ಸುಮಾರು 1090 ವಾಟ್, ಅಂದರೆ ಒಂದೂವರೆ ಅಶ್ವಸಾಮರ್ಥ್ಯಕ್ಕೆ ಹತ್ತಿರ. ಕೆಲವೇ ಸೆಕೆಂಡುಗಳ ಮಾತಾದರೆ ಅಂಕಿ ಬೇರೆಯೇ. 1925ರ ಅಯೋವಾ ಜಾತ್ರೆಯ ಎಳೆಯುವ ಸ್ಪರ್ಧೆಯ ದಾಖಲೆಗಳನ್ನು ಪರಿಶೀಲಿಸಿ, ಕುದುರೆಯ ಕ್ಷಣಿಕ ಗರಿಷ್ಠ ಸಾಮರ್ಥ್ಯ 14.9 ಅಶ್ವಸಾಮರ್ಥ್ಯದವರೆಗೆ ಹೋಗಬಲ್ಲದೆಂದು ಸ್ಟೀವನ್‌ಸನ್ ಮತ್ತು ವಾಸರ್‌ಸಗ್ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು. ಒಂದು ಕುದುರೆಯಿಂದ ಒಂದಕ್ಕಿಂತ ಹೆಚ್ಚು ಅಶ್ವಸಾಮರ್ಥ್ಯವೇ ಎಂದು ವಿದ್ಯಾರ್ಥಿ ಕೇಳಿದರೆ, ಎಷ್ಟು ಹೊತ್ತಿಗೆ ಎಂದು ಮರುಪ್ರಶ್ನೆ ಕೇಳಬೇಕು.

ಗಾತ್ರದಿಂದ ಮೇವಿನಲ್ಲೂ ಒಂದು ಲಾಭವಿದೆ. ಸಸ್ತನಿಗಳ ವಿಶ್ರಾಂತ ಸ್ಥಿತಿಯ ಶಕ್ತಿವ್ಯಯ ತೂಕದ ಮುಕ್ಕಾಲು ಘಾತಕ್ಕೆ ಅನುಪಾತದಲ್ಲಿ ಏರುತ್ತದೆ. ತೂಕ ಎರಡು ಪಟ್ಟಾದರೆ ಈ ವ್ಯಯ 1.7 ಪಟ್ಟು ಮಾತ್ರ. ಎರಡು ಚಿಕ್ಕ ಕುದುರೆಗಳ ಬದಲು ಒಂದು ದೊಡ್ಡ ಕುದುರೆ ಸಾಕಿದರೆ ಮೇವೂ ಉಳಿಯುತ್ತದೆ, ಲಾಯದ ಜಾಗವೂ ಉಳಿಯುತ್ತದೆ.

'ತಣ್ಣನೆಯ ರಕ್ತ'ದ ಸ್ವಭಾವ

ಯೂರೋಪಿನಲ್ಲಿ ಕುದುರೆಗಳನ್ನು ಬಿಸಿರಕ್ತದವು, ತಣ್ಣನೆಯ ರಕ್ತದವು ಎಂದು ವಿಂಗಡಿಸುವ ರೂಢಿ ಇದೆ. ಅರಬ್ಬಿ ಮತ್ತು ಓಟದ ಕುದುರೆಗಳು ಬಿಸಿರಕ್ತದವು. ಶೈರ್, ಕ್ಲೈಡ್ಸ್‌ಡೇಲ್ ಮುಂತಾದ ಭಾರಿ ಕುದುರೆಗಳು ತಣ್ಣನೆಯ ರಕ್ತದವು. ಥರ್ಮಾಮೀಟರ್ ಇಟ್ಟು ನೋಡಿದರೆ ಎಲ್ಲದರ ಮೈಕಾವೂ ಸುಮಾರು 38 ಡಿಗ್ರಿ ಸೆಲ್ಸಿಯಸ್ಸೇ. ಇಲ್ಲಿ ತಣ್ಣಗೆ ಎಂದರೆ ಬೇಗ ಬೆದರದ, ಬೇಗ ಕೆರಳದ ಸ್ವಭಾವ ಎಂದಷ್ಟೇ ಅರ್ಥ.

ಕುದುರೆ ಮೂಲತಃ ಬೇಟೆಗೆ ಗುರಿಯಾಗುವ ಪ್ರಾಣಿ. ತಲೆಯ ಇಕ್ಕೆಲಗಳಲ್ಲಿರುವ ಕಣ್ಣುಗಳಿಂದ ಅದು ಸುಮಾರು 350 ಡಿಗ್ರಿ ಸುತ್ತ ನೋಡಬಲ್ಲದು. ಅನುಮಾನ ಬಂದರೆ ಮೊದಲು ಓಡುವುದು, ಆಮೇಲೆ ತಿರುಗಿ ನೋಡುವುದು ಅದರ ಪ್ರವೃತ್ತಿ. ಹುಲ್ಲುಗಾವಲಿನಲ್ಲಿ ಇದು ಪ್ರಾಣ ಉಳಿಸುವ ಗುಣ. ಹಿಂದೆ ನಾಲ್ಕು ಟನ್ ಬಂಡಿ ಕಟ್ಟಿರುವಾಗ, ಕಿರಿದಾದ ಪೇಟೆ ಬೀದಿಯಲ್ಲಿ, ಪ್ರಾಣ ತೆಗೆಯುವ ಗುಣ. ಬೆದರುವ ಕುದುರೆಯನ್ನು ಬಂಡಿಯವರು ಇಟ್ಟುಕೊಳ್ಳುತ್ತಿರಲಿಲ್ಲ, ಅದರಿಂದ ಮರಿ ಹಾಕಿಸುತ್ತಲೂ ಇರಲಿಲ್ಲ. ಸ್ವಭಾವದಲ್ಲಿ ಒಂದು ಪಾಲು ಅನುವಂಶೀಯ. ಹೀಗೆ ತಲೆಮಾರುಗಳ ಆಯ್ಕೆಯಿಂದ ಶಾಂತ ಸ್ವಭಾವ ತಳಿಯಲ್ಲಿ ನೆಲೆಯಾಯಿತು. ಉಳಿದ ಪಾಲು ತರಬೇತಿಯದು, ಸಾಕುವವರ ನಡವಳಿಕೆಯದು. ಹಿಂದಿನದು ಕಾಣದಂತೆ ಕಟ್ಟುವ ಕಣ್ಣುಪಟ್ಟಿ ಇದಕ್ಕೆ ಪೂರಕ.

ಸ್ವಭಾವಕ್ಕೂ ಎಳೆತಕ್ಕೂ ನೇರ ಸಂಬಂಧವಿದೆ. ನಿಂತ ಬಂಡಿಯನ್ನು ಹೊರಡಿಸಲು ಬೇಕಾಗುವ ಬಲ ಚಲಿಸುತ್ತಿರುವ ಬಂಡಿಗೆ ಬೇಕಾದುದಕ್ಕಿಂತ ಹೆಚ್ಚು. ಆತುರದ ಕುದುರೆ ಮುನ್ನುಗ್ಗಿ, ಸಡಿಲವಾಗಿದ್ದ ಸರಪಳಿ ಒಮ್ಮೆಗೇ ಬಿಗಿದಾಗ ತನ್ನ ಸಂವೇಗವನ್ನೆಲ್ಲ ಕ್ಷಣಾರ್ಧದಲ್ಲಿ ಕಳೆದುಕೊಳ್ಳುತ್ತದೆ. ಅಷ್ಟು ಕಡಿಮೆ ಕಾಲದಲ್ಲಿ ಅಷ್ಟು ಸಂವೇಗ ಬದಲಾದರೆ ಬಲ ವಿಪರೀತ ಏರಿ, ಸರಪಳಿ ಕಿತ್ತುಬರುತ್ತದೆ ಅಥವಾ ಭುಜಕ್ಕೆ ಗಾಯವಾಗುತ್ತದೆ. ಶಾಂತ ಕುದುರೆ ಮೊದಲು ಕೊರಳಪಟ್ಟಿಗೆ ಮೈಭಾರ ಕೊಟ್ಟು, ನಿಧಾನವಾಗಿ ಒತ್ತಿ, ಬಂಡಿ ಅಲುಗುವವರೆಗೆ ಬಿಡದೆ ನಿಲ್ಲುತ್ತದೆ. ಈ ತಾಳ್ಮೆಯೂ ಒಂದು ಯಾಂತ್ರಿಕ ಗುಣವೇ.

ಬ್ರಿಟನ್ನಿನ ರಾಜರ ಅಂಗರಕ್ಷಕ ಅಶ್ವದಳದಲ್ಲಿ ನಗಾರಿ ಹೊರುವ ಕುದುರೆಗಳನ್ನು ನೋಡಿದರೆ ಈ ಸ್ವಭಾವ ಎದ್ದು ಕಾಣುತ್ತದೆ. ಶೈರ್, ಕ್ಲೈಡ್ಸ್‌ಡೇಲ್ ಮೂಲದ ಈ ದೊಡ್ಡ ಕುದುರೆಗಳ ಇಕ್ಕೆಲಗಳಲ್ಲಿ ಬೆಳ್ಳಿಯ ನಗಾರಿಗಳಿರುತ್ತವೆ. ಸವಾರನ ಎರಡೂ ಕೈ ಬಾರಿಸುವುದರಲ್ಲಿ ತೊಡಗಿರುವುದರಿಂದ ಲಗಾಮು ಅವನ ಪಾದಗಳಿಗೆ ಕಟ್ಟಿರುತ್ತದೆ. ಕಿವಿಯ ಪಕ್ಕದಲ್ಲೇ ನಗಾರಿ ಮೊಳಗಿದರೂ, ಸುತ್ತ ಜನಸಂದಣಿ ಇದ್ದರೂ ಕುದುರೆ ಹೆಜ್ಜೆ ತಪ್ಪಬಾರದು.

ಆದರೂ ಸೌಮ್ಯ ಎಂದರೆ ಅಪಾಯವಿಲ್ಲ ಎಂದಲ್ಲ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಕುಕ್ಕುಲೋಟ ಓಡುವ 1000 ಕಿಲೋಗ್ರಾಂ ಕುದುರೆಯ ಚಲನಶಕ್ತಿ 8000 ಜೂಲ್. ಅದು ಕೋಪದಿಂದ ಬಂದರೂ ಪ್ರೀತಿಯಿಂದ ಬಂದರೂ ಜೂಲ್‌ಗಳು ಅಷ್ಟೇ. ಮಾನಕದಲ್ಲಿ ಎತ್ತರಕ್ಕೆ ಹ್ಯಾಂಡ್ ಇದೆ, ಎಲುಬಿಗೆ ಅಂಗುಲ ಇದೆ, ಸ್ವಭಾವಕ್ಕೆ ಮಾನವಿಲ್ಲ. 'ಕಣ್ಣು ಸೌಮ್ಯವಾಗಿರಬೇಕು' ಎಂಬ ಮಾತಿನಲ್ಲೇ ಅದನ್ನು ಹೇಳಿ ಮುಗಿಸಲಾಗಿದೆ.

ಕಾಲ್ಗೂದಲಿನ ಪ್ರಶ್ನೆ

ಈಗ ತಳಿಯ ಅತ್ಯಂತ ಆಕರ್ಷಕ ಲಕ್ಷಣಕ್ಕೆ ಬರೋಣ. ಮೊಣಕಾಲಿನ ಕೆಳಗಿನಿಂದ ಗೊರಸಿನವರೆಗೆ ಇಳಿಬೀಳುವ ಉದ್ದ ಕೂದಲನ್ನು ಇಂಗ್ಲೆಂಡಿನಲ್ಲಿ 'ಫೆದರ್', ಅಂದರೆ ಗರಿ ಎನ್ನುತ್ತಾರೆ. ತೊಳೆದು ಬಾಚಿದ ಬಿಳಿ ಗರಿ ಹೆಜ್ಜೆಹೆಜ್ಜೆಗೆ ಹಾರುವುದು ನೋಡಲು ಚೆಂದ. ಆದರೆ ಎಳೆಯುವ ಕೆಲಸಕ್ಕೆ ಇದು ಬೇಕೇ?

ಇಂಗ್ಲೆಂಡಿನಲ್ಲೇ ಉತ್ತರವಿದೆ. ಪೂರ್ವ ಭಾಗದ ಸಫೋಕ್ ಪಂಚ್ ಎಂಬ ತಳಿಯೂ ಉಳುಮೆಯ ಭಾರಿ ಕುದುರೆಯೇ. ಆದರೆ ಅದರ ಕಾಲಿನಲ್ಲಿ ಕೂದಲಿಲ್ಲ. ಅಲ್ಲಿಯದು ಅಂಟು ಜೇಡಿಮಣ್ಣು. ಉದ್ದ ಕೂದಲಿದ್ದರೆ ಕೆಸರು ಗಟ್ಟಿಯಾಗಿ ಮೆತ್ತಿಕೊಂಡು ದಿನವೂ ತೊಳೆಯಬೇಕಾಗುತ್ತದೆಂದು ರೈತರು ಕೂದಲಿಲ್ಲದ ಕುದುರೆಗಳನ್ನೇ ಆರಿಸಿಕೊಂಡರು. ಎಳೆತದಲ್ಲಿ ಅದರಿಂದ ಯಾವ ಕೊರತೆಯೂ ಆಗಲಿಲ್ಲ. ಶೈರ್ ಸಾಕುವವರಲ್ಲಿ ಮಾತ್ರ ಕೂದಲು ಹೆಚ್ಚಿದ್ದರೆ ಎಲುಬೂ ದಪ್ಪವಿರುತ್ತದೆಂಬ ನಂಬಿಕೆ ಬಹುಕಾಲ ಇತ್ತು. ಎಲುಬಿನ ಅಳತೆಗೆ ಪಟ್ಟಿ ಕೈಯಲ್ಲೇ ಇರುವಾಗ ಕೂದಲು ನೋಡಿ ಎಲುಬನ್ನು ಊಹಿಸುವ ಅಗತ್ಯವೇನಿತ್ತು? ಆದರೂ ಪ್ರದರ್ಶನದ ಅಂಗಳದಲ್ಲಿ ದಟ್ಟ ಗರಿಗೆ ಬೆಲೆ ಬಂತು.

2003ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುರೋಗ ತಜ್ಞರು ಮತ್ತು ಅವರ ಸಂಗಡಿಗರು ಶೈರ್, ಕ್ಲೈಡ್ಸ್‌ಡೇಲ್ ಮತ್ತು ಬೆಲ್ಜಿಯನ್ ಭಾರಿ ಕುದುರೆಗಳ ಕಾಲಿನ ರೋಗವೊಂದನ್ನು ವಿವರವಾಗಿ ವರ್ಣಿಸಿದರು. ಇದರಲ್ಲಿ ಕಾಲಿನ ಕೆಳಭಾಗ ಊದಿಕೊಳ್ಳುತ್ತದೆ. ಚರ್ಮ ದಪ್ಪಗಾಗಿ ಮಡಿಕೆ, ಗಂಟು, ಹುಣ್ಣುಗಳಾಗುತ್ತವೆ. ಎಳೆಯ ವಯಸ್ಸಿನಲ್ಲೇ ಆರಂಭವಾಗಿ ಜೀವಮಾನವಿಡೀ ಹೆಚ್ಚುತ್ತ ಹೋಗುತ್ತದೆ. ಪೂರ್ತಿ ಗುಣಪಡಿಸುವ ಚಿಕಿತ್ಸೆ ಇಲ್ಲ.

ಇದರ ಹಿಂದಿನ ಭೌತವಿಜ್ಞಾನ ಸರಳ. ಅಂಗಾಂಶಗಳಿಂದ ಸೋರುವ ದ್ರವವನ್ನು, ಅಂದರೆ ದುಗ್ಧರಸವನ್ನು, ಮತ್ತೆ ರಕ್ತಕ್ಕೆ ಸೇರಿಸಲು ದುಗ್ಧನಾಳಗಳಿವೆ. ಶೈರ್‌ನಲ್ಲಿ ಗೊರಸಿನಿಂದ ಹೃದಯಕ್ಕೆ ಸುಮಾರು 1.1 ಮೀಟರ್ ಎತ್ತರ. ಇಷ್ಟು ಎತ್ತರದ ದ್ರವಸ್ತಂಭದ ಒತ್ತಡ ಸುಮಾರು 10,800 ಪಾಸ್ಕಲ್, ಅಂದರೆ 80 ಮಿಲಿಮೀಟರ್ ಪಾದರಸದಷ್ಟು. ಇದರ ವಿರುದ್ಧ ದ್ರವ ಮೇಲೇರಬೇಕು. ಕುದುರೆಯ ಮೊಣಕಾಲಿನ ಕೆಳಗೆ ಹಿಂಡಿ ಮೇಲೇರಿಸುವ ಮಾಂಸಖಂಡಗಳು ಇಲ್ಲವೆಂದೇ ಹೇಳಬಹುದು. ಇರುವುದು ಎಲುಬು, ಸ್ನಾಯುರಜ್ಜು, ಚರ್ಮ. ನಾಳಗಳ ಕವಾಟಗಳು, ನಡಿಗೆಯ ಒತ್ತು ಮತ್ತು ಚರ್ಮದ ಸ್ಥಿತಿಸ್ಥಾಪಕತೆ ಈ ಮೂರೇ ಆಸರೆ. ರೋಗವಿರುವ ಕುದುರೆಗಳಲ್ಲಿ ಆ ಸ್ಥಿತಿಸ್ಥಾಪಕತೆ ಕೊಡುವ ಇಲಾಸ್ಟಿನ್ ಎಂಬ ಪ್ರೋಟೀನಿನ ಎಳೆಗಳು ಹಾಳಾಗಿರುವುದು ಕಂಡುಬಂದಿದೆ. ಎಳೆ ಕಳೆದುಕೊಂಡ ರಬ್ಬರ್ ಪಟ್ಟಿಯಂತೆ ಚರ್ಮ ಹಿಂದಕ್ಕೆ ಒತ್ತುವುದಿಲ್ಲ; ದ್ರವ ಅಲ್ಲೇ ನಿಲ್ಲುತ್ತದೆ. ಲಾಯದಲ್ಲಿ ಕಟ್ಟಿಹಾಕಿ ನಡಿಗೆ ಕಡಿಮೆ ಮಾಡಿದರೆ ಊತ ಇನ್ನೂ ಹೆಚ್ಚುತ್ತದೆ.

ಕೂದಲೇ ಈ ರೋಗ ತರುತ್ತದೆ ಎನ್ನಲಾಗದು. ಆದರೆ ರೋಗ ಮುಖ್ಯವಾಗಿ ಕಾಲ್ಗೂದಲಿನ ತಳಿಗಳಲ್ಲಿ ಕಾಣುತ್ತದೆ, ಅದಕ್ಕೆ ಅನುವಂಶೀಯ ಹಿನ್ನೆಲೆ ಇದೆ. ಜತೆಗೆ ದಟ್ಟ ಕೂದಲು ತೇವವನ್ನು ಹಿಡಿದಿಡುತ್ತದೆ, ಕಜ್ಜಿ ತರುವ ನುಸಿಗಳಿಗೆ ಮನೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಆರಂಭದ ಊತವನ್ನು ಕಣ್ಣಿಗೆ ಬೀಳದಂತೆ ಮುಚ್ಚುತ್ತದೆ. ಚಿಕಿತ್ಸೆಯ ಮೊದಲ ಹೆಜ್ಜೆಯೇ ಕೂದಲನ್ನು ಕತ್ತರಿಸಿ ಕಾಲನ್ನು ನೋಡುವುದು. ಹೊರಗೆ ಸುಂದರ ಗರಿ ಕಂಡರೂ ಒಳಗಿನ ಚರ್ಮವನ್ನು ಕೈಯಿಂದ ಮುಟ್ಟಿ ನೋಡುವುದು ತೀರ್ಪುಗಾರರ ಕರ್ತವ್ಯ.

ಮಾನಕದ ಹೊಣೆ

ಟ್ರ್ಯಾಕ್ಟರ್ ಮತ್ತು ಲಾರಿ ಬಂದ ಮೇಲೆ ಶೈರ್‌ಗೆ ಕೆಲಸ ಹೋಯಿತು. 1950-60ರ ದಶಕಗಳಲ್ಲಿ ಅದರ ಸಂಖ್ಯೆ ಕೆಲವೇ ಸಾವಿರಕ್ಕೆ ಕುಸಿಯಿತು. ಬ್ರಿಟನ್ನಿನ ವಿರಳ ತಳಿಗಳ ಸಂರಕ್ಷಣ ಸಂಸ್ಥೆ ತನ್ನ ಕಾವಲು ಪಟ್ಟಿಯಲ್ಲಿ ಈ ತಳಿಯನ್ನು ಸೇರಿಸಿದೆ. ಸಂಖ್ಯೆ ಕಡಿಮೆಯಾದಾಗ ಇನ್ನೊಂದು ತೊಂದರೆ ಹುಟ್ಟುತ್ತದೆ. ಹೊಲದ ಕೆಲಸವಿದ್ದಾಗ ದೋಷವುಳ್ಳ ಕಾಲು ತಾನಾಗಿಯೇ ಬಯಲಾಗುತ್ತಿತ್ತು: ಊದಿದ ಕಾಲಿನ ಕುದುರೆ ದಿನವಿಡೀ ನೇಗಿಲು ಎಳೆಯಲಾರದು. ಈಗ ಆಯ್ಕೆ ಮಾಡುವುದು ಹೊಲವಲ್ಲ, ಪ್ರದರ್ಶನದ ಅಂಗಳ. ಅಲ್ಲಿ ಕಣ್ಣಿಗೆ ಕಾಣುವುದು ಗರಿ, ಕಾಣದಿರುವುದು ದುಗ್ಧನಾಳ. ಹಾಗೆಂದು ದೋಷವಿರುವ ಕುದುರೆಗಳನ್ನೆಲ್ಲ ಒಮ್ಮೆಗೇ ಸಂತಾನದಿಂದ ಹೊರಗಿಟ್ಟರೆ ಮೊದಲೇ ಚಿಕ್ಕದಾದ ತಳಿಯ ಜೀನ್ ಸಂಪತ್ತು ಇನ್ನೂ ಬರಿದಾಗುತ್ತದೆ. ಹಲವು ತಲೆಮಾರುಗಳ ಲೆಕ್ಕ ಇಟ್ಟುಕೊಂಡು ನಿಧಾನವಾಗಿ ಮಾಡಬೇಕಾದ ಕೆಲಸ ಇದು.

ಮಾನಕವನ್ನು ತಿದ್ದಿದರೆ ಪ್ರಾಣಿಯ ಪಾಡು ಬದಲಾದ ಉದಾಹರಣೆ ಅದೇ ದೇಶದಲ್ಲಿದೆ. ಬಂಡಿ ಕುದುರೆಗಳ ಬಾಲದ ಎಲುಬನ್ನು ಮೊಟಕುಗೊಳಿಸುವ ಪದ್ಧತಿ ಅಲ್ಲಿ ವ್ಯಾಪಕವಾಗಿತ್ತು. ಬಾಲವಿಲ್ಲದೆ ನೊಣ ಓಡಿಸಲಾಗದೆ ಕುದುರೆ ಕಷ್ಟಪಡುತ್ತಿತ್ತು. 1949ರ ಕಾನೂನು ಅದನ್ನು ನಿಷೇಧಿಸಿತು. ಇಂದಿನ ಶೈರ್‌ಗೆ ಪೂರ್ಣ ಬಾಲವಿದೆ. ಅದರಿಂದ ತಳಿ ಕಡಿಮೆ ಶೈರ್ ಆಗಿಲ್ಲ.

ಕಾಲ್ಗೂದಲಿನ ವಿಷಯದಲ್ಲಿ ಹೊಸ ನಿಯಮವೂ ಬೇಕಾಗಿಲ್ಲ. 'ಅತಿಯಾಗಿರಬಾರದು, ನವಿರಾಗಿರಬೇಕು' ಎಂದು ಮಾನಕವೇ ಹೇಳಿದೆ. ತೊಂದರೆ ಇರುವುದು ಆ ಮಾತಿಗೆ ಅಂಕಿಯಿಲ್ಲ ಎಂಬುದರಲ್ಲಿ. ಎತ್ತರವನ್ನು ಕೋಲಿನಿಂದ, ಎಲುಬನ್ನು ಪಟ್ಟಿಯಿಂದ ಅಳೆದು ಪರೀಕ್ಷಿಸುತ್ತಾರೆ. 'ಅತಿ' ಎಂಬುದು ಎಷ್ಟು ಎಂಬುದನ್ನು ಪ್ರತಿಯೊಬ್ಬ ತೀರ್ಪುಗಾರನೂ ತನ್ನ ಕಣ್ಣಿಗೆ ಬಿಡುತ್ತಾನೆ. ಕಾಲಿನ ಊತವನ್ನು ಅಳೆಯುವುದು ಕಷ್ಟವೇನಲ್ಲ. ಕೂದಲನ್ನು ಬದಿಗೆ ಸರಿಸಿ, ಎಲುಬಿಗೆ ಹಿಡಿಯುವ ಅದೇ ಅಳತೆಪಟ್ಟಿಯನ್ನು ನಾಲ್ಕು ಅಂಗುಲ ಕೆಳಗೆ ಗೊರಸಿನ ಗಿಣ್ಣಿನ ಹತ್ತಿರ ಹಿಡಿದು, ವರ್ಷಕ್ಕೊಮ್ಮೆ ಬರೆದಿಟ್ಟುಕೊಂಡರೆ ಸಾಕು. ಹತ್ತು ವರ್ಷಗಳಲ್ಲಿ ಯಾವ ವಂಶದ ಕಾಲು ಊದುತ್ತಿದೆ, ಯಾವುದರದು ಇಲ್ಲ ಎಂಬುದು ಪುಸ್ತಕದಲ್ಲೇ ಕಾಣುತ್ತದೆ.

ಮುಂದಿನ ಬಾರಿ ಪಂಪ್‌ಸೆಟ್ಟಿನ ಫಲಕದ ಮೇಲೆ ಎಚ್‌ಪಿ ಎಂಬ ಅಕ್ಷರಗಳನ್ನು ಓದುವಾಗ ವಿದ್ಯಾರ್ಥಿಗಳಿಗೆ ಈ ಕುದುರೆಯ ಬಗ್ಗೆಯೂ ಹೇಳಿ. 746 ವಾಟ್ ಹುಟ್ಟಿದ್ದು ದಿನವಿಡೀ ಗಾಣ ತಿರುಗಿಸಿದ ಪ್ರಾಣಿಯನ್ನು ಅಳೆದದ್ದರಿಂದ. ಆ ಪ್ರಾಣಿಯ ಸಂತತಿಯ ಕಾಲು ಆರೋಗ್ಯವಾಗಿರುವುದಕ್ಕೂ ಈಗ ಬೇಕಾಗಿರುವುದು ಅಂಥದೇ ಒಂದು ಅಳತೆ.